ವಿಶ್ವಾರಾಧ್ಯನಿಗೆ ಒಗ್ಗುವ ನಾಯಿ

ವಿಶ್ವಾರಾಧ್ಯನಿಗೆ ನಾಯಿ ಕಂಡರೆ ಅಂಜಿಕೆ. ಇದನ್ನು ಆ ರವಿವಾರ ಬೆಳಿಗ್ಗೆ ಹೆಂಡತಿಯ ಮುಂದೆ ನೇರವಾಗಿ ಹೇಳಿಬಿಟ್ಟಿದ್ದರೆ ಎಲ್ಲವೂ ಚಹಾದ ಜೊತೆಗೇ ಮುಗಿಯುತ್ತಿತ್ತು. ಆದರೆ ಅವನು ಆಳಂದದ ಕಾಲೇಜೊಂದರಲ್ಲಿ ಇತಿಹಾಸದ ಲೆಕ್ಚರರ್. ಯಾವ ಸಮಾರಂಭವಿದ್ದರೂ ಶಾಲು ಹೊದ್ದುಕೊಂಡು, ‘ಯುವಕರೇ, ಎದೆಗಾರಿಕೆ ಬೆಳೆಸಿಕೊಳ್ಳಿ’ ಎಂದು ಮೈಕು ಅದುರುವಂತೆ ಗುಡುಗುವವನು. ಇಂಥವನು ಬಾಲ ಅಲ್ಲಾಡಿಸುವ ಪ್ರಾಣಿಗೆ ಹೆದರುತ್ತಾನೆಂದು ಊರಿಗೆ ಗೊತ್ತಾದರೆ ಉಳಿಯುವುದು ಬರೀ ಶಾಲು.

ಹಿಂದಿನ ವಾರ ಅವರ ಹಿತ್ತಲಿನಿಂದ ಇನ್ವರ್ಟರ್ ಬ್ಯಾಟರಿ ಕಳುವಾಗಿತ್ತು.

“ಮನ್ಯಾಗ ಒಂದು ನಾಯಿ ಇರಬೇಕ್ರಿ,” ಎಂದಳು ಶೈಲಶ್ರೀ. “ನೀವು ಕಾಲೇಜಿಗಿ ಹೋದಮ್ಯಾಲ ನಾ ಒಬ್ಬಾಕೀನೇ ಇರ್ತೇನಿ. ಹಿತ್ತಲದಾಗ ಎಲಿ ಬಿದ್ದರೂ ಎದಿ ಧಸಕ್ಕಂತದ.”

“ನಾಯಿ ಅಂದ್ರ ನನಗ... ಅಲರ್ಜಿ ಅದ,” ಎಂದುಬಿಟ್ಟ ವಿಶ್ವಾರಾಧ್ಯ.

ಅಂದ ಮೇಲೆ ತನ್ನ ಜಾಣತನಕ್ಕೆ ತಾನೇ ತಲೆದೂಗಿದ. ಅಂಜಿಕೆ ಎಂದರೆ ಮಂದಿ ನಗುತ್ತಾರೆ; ಅಲರ್ಜಿ ಎಂದರೆ ಕುರ್ಚಿ ಕೊಟ್ಟು ಕೂಡಿಸುತ್ತಾರೆ.

ಶೈಲಶ್ರೀಗೆ ಕರುಳು ಚುರ್ ಎಂದಿತು. “ಅಯ್ಯ, ಇಷ್ಟ ವರ್ಷ ಹೇಳೇ ಇಲ್ಲಲ್ರಿ!” ಎಂದವಳೇ ಮೊಬೈಲು ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಅವಳ ಮುಖ ಅರಳಿತು. “ಇಲ್ಲಿ ನೋಡ್ರಿ, ಕೂದಲಾ ಉದುರದಂಥ ನಾಯಿನೂ ಇರ್ತಾವಂತ. ಅಲರ್ಜಿ ಇದ್ದವರು ಅಂಥಾವೇ ಸಾಕ್ತಾರಂತ. ನಿಮಗ ಯಾವ ಜಾತಿದು ಒಗ್ಗತದ, ಪರೀಕ್ಷಾ ಮಾಡೇ ತರೋಣು.”

ಪಕ್ಕದ ಮನೆಯ ಸುಭದ್ರಾಬಾಯಿ ಕಂಪೌಂಡ್ ಗೋಡೆಯ ಮೇಲೆ ಹಪ್ಪಳ ಒಣಹಾಕುತ್ತಾ ಇಷ್ಟನ್ನೂ ಕೇಳಿಸಿಕೊಂಡಳು. ಗಂಡ ಹೆಂಡತಿ ಸುಸಲಾ ತಿಂದು ಕೈ ತೊಳೆಯುವಷ್ಟರಲ್ಲಿ ಸುದ್ದಿ ಓಣಿಯ ಕೊನೆ ಮುಟ್ಟಿತ್ತು.

ಮೊದಲು ಬಂದವನು ಮೂಲೆಮನೆಯ ಕರೀಮಸಾಬ. ಬಸ್ ಡ್ರೈವರ್ ಆಗಿ ನಿವೃತ್ತನಾದವನು. ಅಫಜಲಪುರ, ಜೇವರ್ಗಿ ದಾರಿಯ ನಾಯಿಗಳೆಲ್ಲ ತನ್ನ ಹಾರ್ನಿನ ಗುರುತು ಹಿಡಿಯುತ್ತಿದ್ದವೆಂದು ಹೇಳಿಕೊಳ್ಳುತ್ತಿದ್ದ. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಸಣಕಲು ಮುಧೋಳ ನಾಯಿ.

“ನಮ್ಮ ಅಳಿಯಾ ಹವಳಗಾದಿಂದ ತಂದಾನ್ರಿ ಸರ್, ಅಸಲಿ ಮಾಲು. ಇದರ ಮೈಮ್ಯಾಲ ಕೂದಲಾ ಹುಡುಕಬೇಕಂದ್ರ ಚಷ್ಮಾ ಬೇಕು. ಇದರಂಥಾದ್ದೇ ಒಂದು ಕೊಡಸ್ತೇನಿ. ಜರಾ ಮೂಸಿ ನೋಡ್ರಿ.”

ನಾಯಿ ಇನ್ನೂ ಗೇಟಿನಾಚೆಗಿತ್ತು. ವಿಶ್ವಾರಾಧ್ಯನ ಜೀವ ಆಗಲೇ ಅಡುಗೆಮನೆ ಸೇರಿತ್ತು. ದೇಹವೂ ಅದರ ಹಿಂದೆಯೇ ಓಡಿತು. ಅಲ್ಲಿ ಕಿಟಕಿಯಲ್ಲಿ, ಊರಿಗೆ ಹೋಗುವಾಗ ಅತ್ತೆ ಮರೆತುಬಿಟ್ಟ ನಶ್ಯದ ಡಬ್ಬಿ ಕಂಡಿತು. ಒಂದು ಹಿಡಿ ನಶ್ಯ ಕರವಸ್ತ್ರಕ್ಕೆ ಸುರಿದುಕೊಂಡು ಹೊರಗೆ ಬಂದ. ಮೂಗು ಒರೆಸಿಕೊಂಡಂತೆ ಮಾಡಿ ಎಂಥ ಸೀನು ಸೀನಿದನೆಂದರೆ, ಬೇಟೆಗೆ ಹೆಸರಾದ ಆ ನಾಯಿ ಕುಂಯ್ ಎಂದು ಕರೀಮಸಾಬನ ಲುಂಗಿಯೊಳಗೆ ತಲೆ ಹಾಕಿತು.

ಆಮೇಲೆ ಸುಭದ್ರಾಬಾಯಿ ತನ್ನ ಪೊಮೆರೇನಿಯನ್ ಎತ್ತಿಕೊಂಡು ಬಂದಳು. ಹೊಲಿಗೆ ಬಿಚ್ಚಿದ ಗಾದಿಯಂಥ ನಾಯಿ. “ನಮ್ಮ ಪಿಂಕಿ ನಾಯಿ ಅಲ್ರಿ, ಮನಿಮಗಳು. ಮಗಳಿಗಿ ಯಾರರ ಸೀನ್ತಾರೇನು?” ವಿಶ್ವಾರಾಧ್ಯ ಸೀನಿದ. ಗೋಡೆಯ ಮೇಲಿನ ಹಪ್ಪಳ ನಾಕಾರು ಹಾರಿಹೋದವು. ಸುಭದ್ರಾಬಾಯಿ ಮುಖ ಊದಿಸಿಕೊಂಡು ಕಟ್ಟೆಯ ಮೇಲೆ ಕೂತಳು. ಮನೆಗೆ ಮಾತ್ರ ಹೋಗಲಿಲ್ಲ.

ಔಷಧದ ಅಂಗಡಿಯ ಖಂಡಪ್ಪನೂ ಬಂದ. ಡಾಕ್ಟರರ ಚೀಟಿ ಓದಿ ಓದಿ ತಾನೂ ಅರ್ಧ ಡಾಕ್ಟರನಾದೆನೆಂದು ನಂಬಿದವನು. ವಿಶ್ವಾರಾಧ್ಯನ ಕೆಂಪು ಮೂಗು ನೋಡಿ ತಲೆಯಾಡಿಸಿದ. “ಸೀರಿಯಸ್ ಕೇಸ್ ಅದ. ಇಂಥಾ ಅಲರ್ಜಿ ಭಾಳ ಓದಿದವರಿಗೇ ಬರ್ತದ. ಗುಳಗಿ ಬೇಕಂದ್ರ ಹೇಳ್ರಿ ಸರ್, ಓಡಿಹೋಗಿ ತರ್ತೇನಿ.” ವಿಶ್ವಾರಾಧ್ಯನಿಗೆ ಸನ್ಮಾನವಾದಷ್ಟು ಖುಷಿಯಾಯಿತು.

ಶೈಲಶ್ರೀ ಸೋಲುವವಳಲ್ಲ. ಅಷ್ಟರಲ್ಲಿ ಖಜೂರಿಯ ಜಾವೀದನಿಗೆ ಫೋನು ಮಾಡಿದ್ದಳು. ಸೊಲ್ಲಾಪುರದ ಕಡೆಯಿಂದ ತರತರದ ನಾಯಿ ತಂದು ಮಾರುವವನು ಅವನು. ಮಧ್ಯಾಹ್ನ ಅವನ ಜೀಪು ಬಂದು ನಿಂತಿತು.

“ಅಕ್ಕಾರ, ಪೂಡಲ್ ತಂದೇನ್ರಿ. ಗುಂಗುರು ಕೂದಲಾ, ಒಂದೂ ಉದುರಂಗಿಲ್ಲ. ಸಣ್ಣದು, ಸೌಮ್ಯ. ಸರ್‌ಗಿ ಹೇಳಿ ಮಾಡಿಸಿದಂಗ ಅದ,” ಎಂದು ಒಂದು ಮುಚ್ಚಿದ ಬುಟ್ಟಿಯನ್ನು ಪಡಸಾಲೆಯಲ್ಲಿಟ್ಟು ಮತ್ತೆ ಜೀಪಿನ ಕಡೆ ಹೋದ.

ಎಲ್ಲರೂ ಉಸಿರು ಬಿಗಿಹಿಡಿದು ವಿಶ್ವಾರಾಧ್ಯನ ಮೂಗನ್ನೇ ನೋಡತೊಡಗಿದರು. ಇದೇ ಕಡೆಯ ಯುದ್ಧ, ಇದನ್ನು ಗೆದ್ದರೆ ಜೀವನಪೂರ್ತಿ ನೆಮ್ಮದಿ ಎಂದುಕೊಂಡ ಅವನು ಕರವಸ್ತ್ರದಲ್ಲಿ ಉಳಿದದ್ದನ್ನೆಲ್ಲ ಒಂದೇ ಸಲಕ್ಕೆ ಎಳೆದ. ಸೀನಿನ ಮೇಲೆ ಸೀನು. ಚಷ್ಮಾ ಒಂದು ಕಡೆ, ಚಪ್ಪಲಿ ಒಂದು ಕಡೆ. “ತಗದ ಒಯ್ರಿ... ಆಕ್ಷೀ... ಈ ನಾಯೀನ... ಆಕ್ಷೀ... ಜೀವಾ ಹೋಗ್ತದ!”

“ಯಾವ ನಾಯೀರಿ ಸರ್?” ಎಂದ ಜಾವೀದ, ಬಾಗಿಲಲ್ಲಿ ನಿಂತು. ಪೂಡಲ್ ಅವನ ಕಂಕುಳಲ್ಲಿತ್ತು. “ನಾಯಿ ಈಗ ತರಾಕತ್ತೇನಿ. ಬುಟ್ಟ್ಯಾಗ ಬದನಿಕಾಯಿ ಅವ. ಜೀಪಿನ್ಯಾಗ ನಾಯಿ ತುಳಿತಾವಂತ ಇಲ್ಲಿಟ್ಟೆ.”

ಕೆಳಗೆ ಬಿದ್ದ ಕರವಸ್ತ್ರವನ್ನು ಸುಭದ್ರಾಬಾಯಿ ಎತ್ತಿ ಮೂಸಿದಳು. ಮರುಕ್ಷಣ ಅವಳ ಸೀನಿಗೆ ಪಿಂಕಿ ಮೂರು ಮಾರು ದೂರ ಓಡಿತು.

“ಸರ್, ನಿಮ್ಮ ಧೈರ್ಯದ ಭಾಷಣಾ ನನ್ನ ಮೊಮ್ಮಗಳು ಬಾಯಿಪಾಠ ಮಾಡ್ಯಾಳ್ರಿ,” ಎಂದ ಕರೀಮಸಾಬ, ಭಾರಿ ಮೆಲ್ಲಗೆ.

ಶೈಲಶ್ರೀ ಸಿಟ್ಟಾಗಲಿಲ್ಲ, ಅದಕ್ಕಿಂತ ಕೆಟ್ಟದ್ದು, ನಕ್ಕಳು. “ಅಂಜಿಕಿ ಬರ್ತದ ಅಂತ ಒಂದು ಮಾತು ಹೇಳಿದ್ರ ನಾಯೀನೇ ಬ್ಯಾಡಂತಿದ್ದೆ. ನಾನೂ ಅಂಜಾಕೀನೇ ಅಲ್ಲೇನು?” ಎಂದವಳು ಜಾವೀದನ ಕಡೆ ತಿರುಗಿದಳು. “ಅಲರ್ಜಿನೇ ಇಲ್ಲಂದಮ್ಯಾಲ ಈ ಗುಂಗುರು ಕೂದಲದ್ದು ನಮಗ್ಯಾಕ? ಜೀಪಿನ್ಯಾಗ ಕುಂತದಲ್ಲ ದೊಡ್ಡದು, ಅದನ್ನ ಇಳಸ್ರಿ.”

ಇಳಿಯಿತು ಜರ್ಮನ್ ಶೆಫರ್ಡ್. ಸಣ್ಣ ಕರುವಿನಷ್ಟು ಎತ್ತರ, ಮೈತುಂಬ ಕಂಬಳಿಯಂಥ ಕೂದಲು. ಒಮ್ಮೆ ಮೈ ಝಾಡಿಸಿತೆಂದರೆ ಪಡಸಾಲೆಯಲ್ಲಿ ಮೋಡ ಕವಿದಂತಾಯಿತು. ಅದು ನೆಟ್ಟಗೆ ವಿಶ್ವಾರಾಧ್ಯನ ಹತ್ತಿರ ಬಂತು. ಅವನಿಗೆ ಗೋಡೆ ಬಿಟ್ಟರೆ ಹಿಂದೆ ಸರಿಯಲು ಜಾಗವಿರಲಿಲ್ಲ. ಗೋಡೆಗಾತು ಅಲ್ಲೇ ಕೂತು ಕಣ್ಣು ಮುಚ್ಚಿಕೊಂಡ.

ಕಚ್ಚಲಿಲ್ಲ. ತೊಡೆಯ ಮೇಲೆ ಬಿಸಿಯಾದ ತಲೆಯೊಂದು ಬಂದು ಕೂತಿತು. ಕಣ್ಣು ತೆರೆದರೆ ನಾಯಿ ಅವನನ್ನೇ ನೋಡುತ್ತಿತ್ತು. ಇಷ್ಟೊಂದು ನಂಬಿಕೆಯಿಂದ ಅವನ ವಿದ್ಯಾರ್ಥಿಗಳು ಕೂಡ ಅವನನ್ನು ನೋಡಿದ್ದಿಲ್ಲ. ಒಂದೇ ಬೆರಳಿನಿಂದ ಅದರ ಕಿವಿ ಮುಟ್ಟಿದ. ಬಾಲ ನೆಲ ಬಡಿಯಿತು. ಇಷ್ಟು ವರ್ಷ ಅಂಜಿದ್ದು ಈ ಪ್ರಾಣಿಗೇನು ಎಂದು ಅವನಿಗೇ ನಾಚಿಕೆಯಾಯಿತು. ಎರಡೂ ಕೈಯಿಂದ ಅದರ ಕೊರಳು ತಬ್ಬಿ, “ಇದು ನಮ್ಮ ಮನ್ಯಾಗೇ ಇರಲಿ,” ಎಂದ. ಹಾಗೆನ್ನುವಾಗ ಅವನ ದನಿಯಲ್ಲಿ ಭಾಷಣದ ಲವಲೇಶವೂ ಇರಲಿಲ್ಲ. ಶೈಲಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜಾವೀದ ಪೂಡಲ್ಲನ್ನು ಜೀಪಿಗೇರಿಸಿಕೊಂಡು ಹೊರಟೇಹೋದ.

ಜೀಪಿನ ಧೂಳು ಅಡಗಿರಲಿಲ್ಲ, ವಿಶ್ವಾರಾಧ್ಯನ ಮೂಗಿನೊಳಗೆ ಇರುವೆ ಹರಿದಂತಾಯಿತು. ಸೀನಿದ. ಮತ್ತೆ ಸೀನಿದ. ಕಣ್ಣು ಟೊಮೆಟೊ ಆದವು, ರೆಪ್ಪೆ ಬಾತವು, ಕೊರಳ ತುಂಬ ದದ್ದು ಎದ್ದವು, ಎದೆಯಲ್ಲಿ ಪೀಪಿ ಊದಿದಂತೆ ಸದ್ದು.

“ಶೈಲಾ... ಇದು ಖರೇನೇ... ಆಕ್ಷೀ!”

“ಸಾಕ್ ಮಾಡ್ರಿ, ಮಂದಿ ನೋಡಾಕತ್ತಾರ,” ಎಂದಳು ಶೈಲಶ್ರೀ.

“ಖಂಡಪ್ಪಾ, ಒಂದು ಗುಳಗಿ...”

“ನಾಟಕದ ಸೀನಿಗಿ ನನ್ನ ಅಂಗಡ್ಯಾಗ ಗುಳಗಿ ಇಲ್ರಿ,” ಎಂದು ಖಂಡಪ್ಪ ಚಪ್ಪಲಿ ಮೆಟ್ಟಿದ.

ಸುಭದ್ರಾಬಾಯಿ ಅವನ ಸುತ್ತ ಒಂದು ಸುತ್ತು ಬಂದು, “ಈ ಸಲ ನಶ್ಯ ಎಲ್ಲಿ ಮುಚ್ಚಿಟ್ಟಾರೋ!” ಎಂದು ಬೆರಗಾದಳು. ನಾಯಿ ಮಾತ್ರ ಪಾಪ ಅನ್ನಿಸಿ ಒಡೆಯನ ಮುಖವನ್ನೆಲ್ಲ ಪ್ರೀತಿಯಿಂದ ನೆಕ್ಕಿತು.

ಕರೀಮಸಾಬ ಗೇಟಿನ ತನಕ ಹೋದವನು, ಮನೆ ನಡುಗಿಸಿದ ಮುಂದಿನ ಸೀನು ಕೇಳಿ ತಿರುಗಿ ನಿಂತ. ಮೆಚ್ಚುಗೆಯಿಂದ ತಲೆದೂಗಿದ.

“ವಾಹ್ ಸರ್! ಮುಂಜಾನಿಂದ ಹಿಂಗ ಸೀನಿದ್ರ, ಖುದಾನ ಆಣಿ, ನೀವು ಸಿಕ್ಕಿಬೀಳ್ತಿದ್ದಿಲ್ರಿ!”