ಹೊಳಿ ದಾಟದ ದಾರಿ

ಪರಭಾಷೆ ಬಾರದವನಿಗೆ ಪರಊರಿನಲ್ಲಿ ಅಂಥ ಅಪಾಯವೇನೂ ಇಲ್ಲ. ಕೈಸನ್ನೆ ಮಾಡುತ್ತಾನೆ, ಹಲ್ಲು ಕಿರಿಯುತ್ತಾನೆ, ಯಾರೋ ಪುಣ್ಯಾತ್ಮರು ಕೈ ಹಿಡಿದು ಸರಿಯಾದ ಬಸ್ಸು ಹತ್ತಿಸುತ್ತಾರೆ. ಗಂಡಾಂತರವಿರುವುದು ಭಾಷೆ ಬರುತ್ತದೆ ಎಂದುಕೊಂಡವನಿಗೆ. ನಾನು ಆ ಎರಡನೆಯ ಜಾತಿಯವನು. ಬಾಗಲಕೋಟೆ ಬಿಟ್ಟು ಪುಣೆಗೆ ಬಂದು, ಕೋಥರೂಡದ ಹೌಸಿಂಗ್ ಸೊಸೈಟಿಯೊಂದರಲ್ಲಿ ಸಂಸಾರ ಹೂಡಿ, ಕಾಯಿಪಲ್ಲೆ ಮಾರುವವಳ ಜೊತೆ ಒಂದು ಕಟ್ಟು ಕೊತ್ತಂಬರಿಗಾಗಿ ಮರಾಠಿಯಲ್ಲಿ ಜಗಳವಾಡಿ ಗೆದ್ದ ದಿನವೇ ನನಗೆ ಮರಾಠಿ ಬಂತು ಎಂದು ನಾನೇ ಸರ್ಟಿಫಿಕೇಟು ಕೊಟ್ಟುಕೊಂಡಿದ್ದೆ. "ಆಕಿಗೆ ನಿಮ್ಮ ಮಾತು ತಿಳೀಲಿಲ್ರೀ, ಬ್ಯಾಸತ್ತು ಕೊಟ್ಟಾಳ," ಎಂದಳು ನನ್ನ ಹೆಂಡತಿ ಶಾರದೆ. ಗೆದ್ದವನಿಗೆ ಮನೆಯಲ್ಲಿ ಮರ್ಯಾದೆ ಯಾವ ಕಾಲದಲ್ಲಿತ್ತು!

ನನಗಿದ್ದ ಇನ್ನೊಂದು ಹುಚ್ಚು ಸೈಕಲ್ಲಿನ ದಾರಿಗಳದು. ಆಫೀಸಿನ ಗುಮಾಸ್ತ ಮಿತ್ರರು ಭಾನುವಾರ ನಾಟಕಕ್ಕೆ ಹೋದರೆ ನಾನು ನೆಲದ ಮೇಲೆ ಭೂಪಟ ಹಾಸಿ, ಅದರ ಮೇಲೆ ಬೋರಲು ಬಿದ್ದು, ಖಡಕವಾಸಲಾದ ಆಚೆ ಯಾವ ದಾರಿ ಎಲ್ಲಿ ಇಳಿಯುತ್ತದೆ, ಯಾವ ಏರಿನಲ್ಲಿ ಉಸಿರು ಕಟ್ಟುತ್ತದೆ ಎಂದು ಬೆರಳಾಡಿಸುತ್ತಿದ್ದೆ. ಆಮೇಲೆ ನನ್ನ ಕರಿ ಸೈಕಲ್ಲು ಹತ್ತಿ ಹೊರಡುತ್ತಿದ್ದೆ. "ಸಿಂಹಗಡದ ದಾರಿ ಸಿಗತದ, ಪಾನಶೇತಿನ ದಾರಿ ಸಿಗತದ. ಗಿರಣಿಗೆ ಹೋಗೂ ದಾರಿ ಮಾತ್ರ ನಿಮಗ ಸಿಗೂದಿಲ್ಲ ನೋಡ್ರಿ," ಎಂದು ಶಾರದೆ ಗೋಧಿಯ ಡಬ್ಬಿಯನ್ನು ಭೂಪಟದ ಮೇಲೆಯೇ ಇಟ್ಟುಹೋಗುತ್ತಿದ್ದಳು.

ಈ ಎರಡು ಹುಚ್ಚೂ ಒಂದಾದದ್ದು ತೊಂಬತ್ತರ ದಶಕದ ಕೊನೆಯ ಒಂದು ಜೂನಿನಲ್ಲಿ. ಶಾರದೆಯ ತಮ್ಮ ಪಾಂಡುರಂಗ ಮದುವೆಯ ಬಟ್ಟೆ ಕೊಳ್ಳಲು ಬಾಗಲಕೋಟೆಯಿಂದ ನಮ್ಮಲ್ಲಿಗೆ ಬಂದಿದ್ದ. ಹೆಣ್ಣು ಸೊಲ್ಲಾಪುರದ್ದು, ಮದುವೆಯೂ ಅಲ್ಲಿಯೇ, ಮುಂದಿನ ವಾರ. ಬಟ್ಟೆಯ ಕೆಲಸ ಮುಗಿದ ಮೇಲೆ ಅವನು ನನ್ನ ಭೂಪಟದ ನೀಲಿ ಅಂಚನ್ನು ನೋಡುತ್ತ ಕೂತ. "ಮಾಮಾ, ನಾ ಇನ್ನೂ ಸಮುದ್ರ ನೋಡಿಲ್ರಿ. ಲಗ್ನಾದ ಮ್ಯಾಲೆ ಯಾರು ಬಿಡ್ತಾರ? ಒಮ್ಮೆ ತೋರಸ್ರಲಾ," ಎಂದ. ಇಷ್ಟು ಅರ್ಥಪೂರ್ಣವಾದ ಮಾತನ್ನು ಆ ಮನೆತನದವರ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ. ಅಂದೇ ಅವನಿಗೊಂದು ಬಾಡಿಗೆ ಸೈಕಲ್ಲು ಗೊತ್ತುಮಾಡಿದೆ.

ಅಡ್ಡಿ ಬಂದದ್ದು ಬಾಗಲಕೋಟೆಯಿಂದ, ಫೋನಿನಲ್ಲಿ. "ಲಗ್ನ ಗೊತ್ತಾದ ವರ ಹೊಳಿ ದಾಟಬಾರ್ದು," ಎಂದರು ಅತ್ತೆ. ಪುಣೆಗೆ ಬರುವಾಗ ಕೃಷ್ಣೆ, ಭೀಮೆ ಎರಡನ್ನೂ ದಾಟಿಯೇ ಬಂದನಲ್ಲ ಎಂದು ನಾನು ವಕೀಲಿ ಮಾಡಿದೆ. ಅತ್ತೆ ತಡವರಿಸಲಿಲ್ಲ. "ರೈಲಿನಾಗ ದಾಟಿದ್ರ ನಡೀತದ. ದಾಟೂದು ರೈಲು, ಅಂವ ಸುಮ್ಮ ಕೂತಿರ್ತಾನ. ಸೈಕಲ್ಲಂದ್ರ ಸ್ವಂತ ಕಾಲೀಲೆ ದಾಟಿಧಂಗ." ಇದಕ್ಕೆ ಮೇಲಿನ ಕೋರ್ಟಿಲ್ಲ.

ಆದರೆ ಭೂಪಟದ ಮುಂದೆ ಬೋರಲು ಬಿದ್ದವನು ನಾನು. ಇಡೀ ಒಂದು ಸಂಜೆ ಹುಡುಕಿ ದಾರಿ ತೆಗೆದೇ ತೆಗೆದೆ. ಮುಳಶಿಯ ಕೆರೆಯ ಪಕ್ಕದಿಂದ ತಾಮ್ಹಿಣಿ ಘಾಟು ಇಳಿದು, ಕುಂಡಲಿಕಾ ಹೊಳೆಯ ಕಣಿವೆ ಹಿಡಿದು, ರೋಹೆಯ ಮೇಲೆ ಹಾಯ್ದು ಕಾಶೀದದ ಕಡಲ ತೀರಕ್ಕೆ. ಹೊಳೆ ಸಮುದ್ರದವರೆಗೂ ನಮ್ಮ ಬಲಗಡೆಗೇ ಇರುತ್ತದೆ, ನಾವು ಅದರ ಜೊತೆಗೇ ಹೋಗುತ್ತೇವೆ, ದಾಟುವ ಪ್ರಶ್ನೆಯೇ ಇಲ್ಲ. ಶಾರದೆ ಒಪ್ಪಿದಳು, ಆದರೆ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ್ದು ನಗುವ ಮಾತಾಗಿರಲಿಲ್ಲ. "ಅಂವನ್ನ ಹ್ಯಾಂಗ ಒಯ್ತೀರಿ ಹಂಗ ತಂದು ಒಪ್ಪಸ್ರಿ. ಏನರ ಹೆಚ್ಚುಕಮ್ಮಿ ಆತಂದ್ರ ನಮ್ಮವ್ವಗ ನಾ ಮಾರಿ ತೋರಸೂದು ಆಗೂದಿಲ್ಲ."

ಘಾಟು ಇಳಿಯುವಾಗ ಆ ಮಾತೇ ನನ್ನ ಬೆನ್ನ ಹಿಂದೆ ಕೂತಿತ್ತು. ತಿರುವು ತಿರುವಿಗೂ "ಬ್ರೇಕು ಹಿಡಿಯೋ ಪಾಂಡು" ಎಂದು ಕೂಗಿ ಕೂಗಿ ನನ್ನ ಗಂಟಲು ಹರಿಯಿತು. ಬ್ರೇಕು ಸವೆದದ್ದು ನನ್ನ ಸೈಕಲ್ಲಿನದು, ಅದು ಬೇರೆ ಮಾತು. ರಾತ್ರಿ ಕೋಲಾಡಿನಲ್ಲಿ ಉಳಿದು ಬೆಳಿಗ್ಗೆ ಹೊಳೆಯ ಜೊತೆ ಹೊರಟೆವು. ರೋಹೆ ದಾಟಿದ ಮೇಲೆ ಗಾಳಿಗೆ ಉಪ್ಪಿನ ವಾಸನೆ ಬಂತು. ಪಾಂಡು ಮೂಗರಳಿಸಿ, "ಸಮುದ್ರ ಅಂದ್ರ ಹಿಂಗ ನಾರತದೇನ್ರಿ ಮಾಮಾ?" ಎಂದ. ಅಷ್ಟರಲ್ಲಿ ಹಿಂದಿನ ಬೆಟ್ಟಗಳ ಮೇಲೆ ಕಪ್ಪಾಗಿದ್ದದ್ದು ನಮ್ಮ ಮೇಲೆಯೇ ಬಿತ್ತು. ಕೊಂಕಣದ ಮಳೆ ಹನಿಯುವುದಿಲ್ಲ, ಕೊಡ ಬೋರಲು ಹಾಕಿದ ಹಾಗೆ ಸುರಿಯುತ್ತದೆ. ಕನ್ನಡಕದಲ್ಲಿ ಏನೂ ಕಾಣದೆ ನಾನು ಮುಂದೆ, ಅವನು ಹಿಂದೆ, ಒಂದು ಇಳಿಜಾರಿನಲ್ಲಿ ಉರುಳುತ್ತಿದ್ದೆವು.

ಆಗ ದಾರಿಯ ಪಕ್ಕದ ಗುಡಿಸಲಿನಿಂದ ಒಬ್ಬ ಮುದುಕಿ ಎರಡೂ ಕೈ ಬೀಸುತ್ತ ಹೊರಗೆ ಬಂದಳು. ಏನೋ ಉದ್ದಕ್ಕೆ ಕೂಗಿದಳು. ಮಳೆಯ ಸದ್ದಿನಲ್ಲಿ ಕೊನೆಯ ಮಾತೊಂದೇ ನನ್ನ ಕಿವಿಗೆ ಬಿತ್ತು. "ಓಡಾ! ಓಡಾ!"

ಏನು ಹೇಳಲಿ, ಆ ಭಯದಲ್ಲೂ ನನ್ನ ಎದೆ ಹಿಗ್ಗಿತು. ಕಲಬುರ್ಗಿ ಕಡೆಯವರು ರಸ್ತೆಯ ಕೆಲಸಕ್ಕೆ ಎಲ್ಲೆಲ್ಲಿಗೋ ಹೋಗುತ್ತಾರೆ, ಇವಳೂ ನಮ್ಮ ಕಡೆಯ ತಾಯಿ! ಓಡು ಎನ್ನುತ್ತಿದ್ದಾಳೆ! ಹಿಂದೆ ಗುಡ್ಡ ಜಾರಿತೋ, ಹುಚ್ಚುನಾಯಿ ಬೆನ್ನಟ್ಟಿದೆಯೋ ಯಾರಿಗೆ ಗೊತ್ತು. "ಪಾಂಡೂ, ಓಡಸೋ! ಜೋರ್ ಓಡಸೋ!" ಎಂದು ಕಿರುಚಿ ಪೆಡಲು ತುಳಿದೆ. ಹರೆಯದ ಹುಡುಗ, ಮಾಮಾನ ಮಾತು ಮೀರುವವನಲ್ಲ, ನನ್ನನ್ನು ಹಿಂದೆ ಹಾಕಿ ಬಾಣದಂತೆ ಹೋದ. ತಿರುವಿನಲ್ಲಿ ನನ್ನ ಸೈಕಲ್ಲು ಜಾರಿ ನಾನು ಕೆಸರಿನಲ್ಲಿ ಕೂತೆ. ಕೂತಲ್ಲಿಂದಲೇ ನೋಡಿದೆ. ಮುಂದೆ ರಸ್ತೆಯೇ ಇರಲಿಲ್ಲ. ಕೆಂಪು ನೀರು ದಾರಿಯನ್ನು ನುಂಗಿ ಹೊಳೆಯ ಕಡೆ ಭೋರ್ಗರೆಯುತ್ತಿತ್ತು, ಅದರ ನಡುವೆ ಪಾಂಡು, ಸೈಕಲ್ಲು ಕೊಚ್ಚಿಹೋಗಿ, ಒಂದು ಕಲ್ಲುಕಂಬವನ್ನು ತಬ್ಬಿಕೊಂಡು ಎದೆಮಟ್ಟ ನೀರಿನಲ್ಲಿ ನಿಂತಿದ್ದ.

ಭಯದಲ್ಲಿ ಮನುಷ್ಯ ಮಾಡುವ ಮೊದಲ ಕೆಲಸವೆಂದರೆ ತಪ್ಪು ಯಾರದು ಎಂದು ಹುಡುಕುವುದು. ಓಡಿಬಂದ ಮುದುಕಿಗೆ, "ಓಡು ಅಂತ ಯಾಕ ಅಂದಿಬೇ ಯವ್ವಾ?" ಎಂದು ಅಳುಮೋರೆಯಲ್ಲಿ ಕೇಳಿದೆ. ಅವಳು ನನ್ನನ್ನೊಮ್ಮೆ ಮಿಕಿಮಿಕಿ ನೋಡಿದಳು. ಆಮೇಲೆ ಹಣೆ ಚಚ್ಚಿಕೊಂಡು, ಆ ಕೆಂಪು ನೀರಿನತ್ತ ಬೆರಳು ತೋರಿಸಿ, ಕೂಸಿಗೆ ಅಕ್ಷರ ಕಲಿಸುವಂತೆ ಬಿಡಿಸಿ ಹೇಳಿದಳು. "ಹಾ ಓಢಾ! ಓ-ಢಾ!" ಇಷ್ಟು ವರ್ಷ ಪುಣೆಯ ಅನ್ನ ತಿಂದು ನನಗೆ ಗೊತ್ತಿರದಿದ್ದ ಮಾತು ಅಂದು ಗೊತ್ತಾಯಿತು. ಮರಾಠಿಯಲ್ಲಿ ಓಢಾ ಎಂದರೆ ಹಳ್ಳ. ಪಾಪ, ಮುಂದೆ ಹಳ್ಳ ಬಂದಿದೆ ಎಂದು ಅವಳು ಕೂಗಿದ್ದಳು.

ಅಷ್ಟರಲ್ಲಿ ಅವಳ ಮಗ, ಗಟ್ಟಿಮುಟ್ಟಾದ ಗೃಹಸ್ಥ, ದೋಣಿಯ ಹಗ್ಗ ತಂದ. ಒಂದು ತುದಿ ತನ್ನ ಸೊಂಟಕ್ಕೆ ಬಿಗಿದುಕೊಂಡು, ನಡುಭಾಗವನ್ನು ಮಾವಿನ ಮರಕ್ಕೆ ಸುತ್ತು ಹಾಕಿ, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು ನೀರಿಗಿಳಿದ. ಹೆಜ್ಜೆ ಹೆಜ್ಜೆಗೂ ನೀರು ಅವನನ್ನು ಎಳೆಯುತ್ತಿತ್ತು. ನಾನು ಊರ ಹಣಮಪ್ಪನಿಗೆ ಹರಕೆ ಹೊತ್ತೆ. ಕೊನೆಗೂ ಅವನು ಪಾಂಡುವನ್ನು ತಲುಪಿ, ತೋಳಿನಿಂದ ಬಳಸಿ ಹಿಡಿದು, ತಿರುಗಿ ನನ್ನ ಕಡೆ ಕೂಗಿದ. "ಓಢಾ! ಓಢಾ!"

ಹೊಸದಾಗಿ ಕಲಿತ ಮಾತು ಹೊಸ ಚಪ್ಪಲಿಯ ಹಾಗೆ, ಎಲ್ಲ ಕಡೆಗೂ ಮೆಟ್ಟಿಕೊಂಡು ಹೋಗಬೇಕೆನಿಸುತ್ತದೆ. ನಾನು ತಲೆಯಾಡಿಸಿ, "ಹೋಯ್, ಹೋಯ್, ಓಢಾ!" ಎಂದು ಮರಾಠಿಯಲ್ಲೇ ಒಪ್ಪಿಕೊಂಡೆ. ಹೌದಪ್ಪಾ, ಹಳ್ಳವೇ, ಕಾಣುತ್ತಿದೆ. ಅವನು ಮತ್ತೆ ಕೂಗಿದ, ಇನ್ನೂ ಜೋರಾಗಿ. ಮುದುಕಿಯೂ ನನ್ನ ಕಿವಿಯ ಹತ್ತಿರವೇ ಕಿರುಚಿದಳು. ಇಂಥ ಹೊತ್ತಿನಲ್ಲಿ ಇವರೆಲ್ಲ ಹಳ್ಳಕ್ಕೆ ಹಳ್ಳ ಎಂದು ಇಷ್ಟೇಕೆ ಒತ್ತಿ ಹೇಳುತ್ತಿದ್ದಾರೆ ಎಂದು ನನಗೆ ಸಿಟ್ಟೇ ಬಂತು. "ಹೋಯ್, ಹೋಯ್!" ಎಂದು ನಾನೂ ಕೂಗಿದೆ. ನೀರು ಪಾಂಡುವಿನ ಭುಜಕ್ಕೆ ಏರಿತ್ತು. ಮರಾಠಿಯ ಗಂಧಗಾಳಿಯಿಲ್ಲದ ಆ ಹುಡುಗ ಅಲ್ಲಿಂದ ಗಂಟಲು ಹರಿಯುವಂತೆ ಒದರಿದ.

"ಮಾಮಾ, ಜಗ್ಗ್ರೀ!"

ಜಗ್ಗಿದೆ. ಮುದುಕಿಯೂ ಜಗ್ಗಿದಳು. ಇಬ್ಬರೂ ದಡಕ್ಕೆ ಬಂದು ಬಿದ್ದ ಮೇಲೆ ನಾನು ಪಾಂಡುವಿನ ಒದ್ದೆ ತಲೆಯನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟೆ. ನಾಚಿಕೆಯೇನಿಲ್ಲ, ಮಳೆಯಲ್ಲಿ ಕಾಣುತ್ತಿರಲಿಲ್ಲ. ಮರಾಠಿಯಲ್ಲಿ ಓಢಾ ಎಂದರೆ ಜಗ್ಗಿರಿ ಎಂದೂ ಆಗುತ್ತದೆ ಎಂಬುದನ್ನು ಮುದುಕಿಯ ಮಗ ಆಮೇಲೆ ಚಹ ಕುಡಿಸುತ್ತ, ಬಹಳ ಸಮಾಧಾನದಿಂದ ತಿಳಿಸಿದ. ಒಂದೇ ಮಾತಿಗೆ ಇಷ್ಟೊಂದು ಕೆಲಸ ಹಚ್ಚುವ ಭಾಷೆ ನಾನು ಬೇರೆ ಕಂಡಿಲ್ಲ.

ಹಳ್ಳ ಇಳಿಯಿತು. ಪಾಂಡುವಿನ ಸೈಕಲ್ಲು ಕೆಳಗೆ ಒಂದು ಪೊದೆಯಲ್ಲಿ ಸೊಟ್ಟಗಾಲಿಯೊಡನೆ ಸಿಕ್ಕಿತು. ಸರಕಾರಿ ಎಸ್ಟಿ ಬಸ್ಸಿನ ಟಾಪಿನ ಮೇಲೆ ಎರಡೂ ಸೈಕಲ್ಲು ಹೇರಿ ಕಾಶೀದಕ್ಕೆ ಹೋದೆವು. ಹಳ್ಳವನ್ನು ದಾಟಿದ್ದು ಬಸ್ಸು, ನಾವು ಸುಮ್ಮನೆ ಕೂತಿದ್ದೆವು, ಅತ್ತೆಯ ಕಾಯಿದೆ ಮುರಿಯಲಿಲ್ಲ. ಪಾಂಡು ಸಮುದ್ರ ನೋಡಿ, "ಇಷ್ಟ ನೀರು ಇವತ್ತಿಗೆ ಸಾಕ್ರಿ ಮಾಮಾ," ಎಂದು ಬೆನ್ನು ತಿರುಗಿಸಿ ಕೂತ. ಮನೆಯಲ್ಲಿ ಸುದ್ದಿ ಎತ್ತಬಾರದೆಂದು ಅವನಿಂದ ಆಣೆ ಹಾಕಿಸಿಕೊಂಡೆ. "ಹೊಳಿ ದಾಟಿದ್ರೇನು?" ಎಂದು ಶಾರದೆ ಕೇಳಿದಾಗ ಎದೆ ತಟ್ಟಿ ಇಲ್ಲವೆಂದೆ. ಬಟ್ಟೆಯ ಕೆಂಪು ಮಣ್ಣನ್ನು ಅವಳು ನೋಡಿದಳು, ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಒಂದು ವಾರ ಬರಲಿಲ್ಲ.

ಸೊಲ್ಲಾಪುರದ ಮಂಟಪದಲ್ಲಿ ವಧೂವರರ ನಡುವೆ ಅಂತರಪಟ ಹಿಡಿಯುವ ಮಾನ ಅಕ್ಕನ ಗಂಡನಾದ ನನಗೇ ಬಂತು. ಒಂದು ತುದಿ ಹೆಣ್ಣಿನ ಕಡೆಯವರೊಬ್ಬರ ಕೈಯಲ್ಲಿ, ಒಂದು ತುದಿ ನನ್ನ ಕೈಯಲ್ಲಿ. ಹೊತ್ತಿಗೆ ಸರಿಯಾಗಿ ನಾನು ನನ್ನ ಕಡೆ ಎಳೆದುಕೊಳ್ಳಬೇಕು. ಮಂಗಳಾಷ್ಟಕ ಮುಗಿಯಿತು, ವಾಲಗ ಏರಿತು. ಹುಡುಗಿಯ ಸೋದರಮಾವ ನನ್ನ ಕಡೆ ತಿರುಗಿ ಮರಾಠಿಯಲ್ಲಿ, "ಹ್ಞಂ, ಓಢಾ!" ಎಂದರು.

ನಾನು ಕಾಲ ಕೆಳಗೆ ನೋಡಿದೆ. ನೀರಿರಲಿಲ್ಲ. ಓಡಲೇ ಎಂದು ಬಾಗಿಲ ಕಡೆ ನೋಡಿದೆ. "ಓಢಾ, ಓಢಾ!" ಎಂದರು ಅವರು. ಮುಹೂರ್ತ ಜಾರುತ್ತಿತ್ತು, ಭಟ್ಟರು ಗಡಿಯಾರ ನೋಡಿದರು, ಪಟದ ಹಿಂದಿನಿಂದ ಮದುಮಗ ಇಡೀ ಮಂಟಪಕ್ಕೆ ಕೇಳುವಂತೆ ಒದರಿದ. "ಮಾಮಾ, ಜಗ್ಗ್ರೀ!"

ಜಗ್ಗಿದೆ. ಮಂಟಪವೆಲ್ಲ ಹೋ ಎಂದು ನಕ್ಕಿತು. "ಹುಡುಗಗ ಅವಸರ ಭಾಳ ಅದ," ಎಂದರು ಹಿರಿಯರು. ನಿಜ ಸಂಗತಿ ನಮ್ಮಿಬ್ಬರಿಗೇ ಗೊತ್ತು ಎಂದು ನಾನು ಪಟವನ್ನು ಎದೆಗವಚಿಕೊಂಡು ನಿಟ್ಟುಸಿರು ಬಿಟ್ಟೆ. ಹಿಂದಿನಿಂದ ಶಾರದೆ ಅಕ್ಷತೆ ಹಾಕುತ್ತ, ನನಗಷ್ಟೇ ಕೇಳುವ ಹಾಗೆ ಅಂದಳು: "ಇಲ್ಲೇರ ಲಗೂನ ಜಗ್ಗಿದ್ರಿ. ಹಳ್ಳದಾಗ ಭಾಳ ಹೊತ್ತು ನಿಂದ್ರಿಸಿದ್ರಂತ ನಮ್ಮ ಪಾಂಡೂನ್ನ."

ಅಚ್ಚ ಕನ್ನಡ, ಒಂದಕ್ಷರವೂ ತಪ್ಪು ತಿಳಿಯುವಂತಿರಲಿಲ್ಲ. ನಾನು ಅವಳ ಕಡೆ ತಿರುಗದೆ, "ಹೋಯ್, ಹೋಯ್," ಎಂದು ತಲೆಯಾಡಿಸಿದೆ.