ನಡೆದು ಬರುವ ಉತ್ತರ

ನಮ್ಮ ಷಡ್ಡಕರಿಗೆ ಓದುಬರಹ ಚೆನ್ನಾಗಿಯೇ ಬರುತ್ತದೆ, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಆದರೆ ಅವರಿಂದ ಒಂದೇ ಒಂದು ಇಮೇಲ್ ಪಡೆದ ಪುಣ್ಯಾತ್ಮರು ಇಡೀ ಚೆನ್ನೈಯಲ್ಲಿ ಯಾರಾದರೂ ಇದ್ದರೆ ಬನ್ನಿ, ತ್ರಿಪ್ಲಿಕೇನಿನ ನಮ್ಮ ಮನೆಯಲ್ಲಿ ನಿಮಗೆ ಹಬ್ಬದೂಟ!

ಹಾಗೆಂದು ಅವರು ಉತ್ತರ ಕೊಡದವರಲ್ಲ. ಕೊಡುತ್ತಾರೆ. ನಡೆದು ಬಂದು ಕೊಡುತ್ತಾರೆ! ಅವರು ನನ್ನ ಹೆಂಡತಿಯ ಅಕ್ಕನ ಗಂಡ. ಅದು ಸಾಲದೆಂಬಂತೆ ಇಬ್ಬರಿಗೂ ಮಾಧವರಂ ಆಚೆಯ ಒಂದೇ ಪಂಪು ಕಂಪನಿಯಲ್ಲಿ ಕೆಲಸ. ನೆಲಮಹಡಿಯಲ್ಲಿ ಅವರು ಸರಕು ರವಾನೆಯ ಮ್ಯಾನೇಜರ್. ನಾಲ್ಕನೆಯ ಮಹಡಿಯಲ್ಲಿ ನಾನು ಸಂವಹನ ವಿಭಾಗದ ಮ್ಯಾನೇಜರ್. ಅಂದರೆ, ಯಾರು ಯಾರೊಂದಿಗೆ ಹೇಗೆ ಮಾತಾಡಬೇಕೆಂದು ಕಲಿಸುವುದಕ್ಕೇ ಸಂಬಳ ಪಡೆಯುವವನು! ನಾನೊಂದು ಮೇಲ್ ಕಳಿಸಿದರೆ ಸ್ವಲ್ಪ ಹೊತ್ತಿಗೆ ಮೇಜಿನ ಮುಂದೆ ಅವರು ಪ್ರತ್ಯಕ್ಷ.

"ನಿಮ್ಮ ಮೇಲ್ ಬಂತು ಕಣ್ರೀ. ಸರಿ, ಹಾಗೇ ಮಾಡೋಣ. ಸಾಪ್ಟಾಚಾ?"

ಊಟ ಆಯಿತೇ ಎಂದು ಕೇಳದೆ ಅವರ ಯಾವ ಉತ್ತರವೂ ಮುಗಿಯುವುದಿಲ್ಲ.

"ಲಿಫ್ಟ್ ಇದ್ಯಲ್ರೀ, ಮೆಟ್ಲು ಯಾಕೆ ಹತ್ತಿ ಬರ್ತೀರಾ?" ಎಂದು ಒಮ್ಮೆ ಕೇಳಿದೆ.

"ಲಿಫ್ಟಲ್ಲಿ ಎಲ್ರೂ ಫೋನ್ ನೋಡ್ತಾರ್ರೀ. ಮೆಟ್ಲಲ್ಲಿ ಮಾತಾಡ್ತಾರೆ!"

ಒಂದು ಪೊಂಗಲ್ ಹಬ್ಬಕ್ಕೆ ನಾನು ಇಡೀ ಕಂಪನಿಗೆ ಶುಭಾಶಯದ ಮೇಲ್ ಕಳಿಸಿದೆ. ತಿದ್ದಿ ತೀಡಿ ಬರೆದ ಇಂಗ್ಲಿಷು, ಮೂಲೆಯಲ್ಲಿ ಕಬ್ಬಿನ ಚಿತ್ರ! ಎಲ್ಲರಿಗೂ ಹೋದ ಮೇಲಿಗೆ ಎಲ್ಲರಿಗೂ ಉತ್ತರಿಸಬೇಕಲ್ಲವೇ? ನಮ್ಮ ಷಡ್ಡಕರು ಆ ರಿಪ್ಲೈ ಆಲ್ ಗುಂಡಿಯನ್ನು ಕಾಲಿನಲ್ಲೇ ಒತ್ತಿದರು. ಗೇಟಿನಿಂದ ಶುರುಮಾಡಿ ಉಗ್ರಾಣ, ಬಣ್ಣದ ಶೆಡ್ಡು, ಲೆಕ್ಕಪತ್ರ ವಿಭಾಗ, ಕ್ಯಾಂಟೀನು, ಎಲ್ಲ ಕಡೆ ಹೋಗಿ ಒಬ್ಬೊಬ್ಬರಿಗೂ ಹಬ್ಬದ ಮಾತು ಹೇಳಿಬಂದರು. ಇವತ್ತಿಗೂ ಕ್ಯಾಂಟೀನಿನಲ್ಲಿ ಆ ಪೊಂಗಲ್‌ನ ಮಾತು ಬರುತ್ತದೆ. ನನ್ನ ಮೇಲು? ಅವರೊಬ್ಬರನ್ನು ಬಿಟ್ಟು ಅದನ್ನು ಯಾರೂ ತೆರೆದೇ ಇರಲಿಲ್ಲ.

ಹೊಟ್ಟೆ ಉರಿಯದೆ ಇರುತ್ತದೆಯೇ, ನೀವೇ ಹೇಳಿ! ಮನೆಗೆ ಬಂದರೆ ಹೆಂಡತಿಯದು ಇನ್ನೊಂದು ರಾಗ: "ಭಾವ ಎಷ್ಟು ಚೆನ್ನಾಗಿ ಜನರನ್ನ ಮಾತಾಡಿಸ್ತಾರೆ ನೋಡಿ!" ಇಷ್ಟಕ್ಕೂ ಸಂವಹನದ ಡಿಪ್ಲೊಮಾ ಮಾಡಿದವರು ಯಾರು ಸ್ವಾಮಿ? ಭಾವನೋ, ನಾನೋ?

ಆಮೇಲೆ ಬಂತು ಮರೀನಾದ ಸ್ವಚ್ಛತಾ ಅಭಿಯಾನ. ಕಂಪನಿಗೆ ಸಾಮಾಜಿಕ ಹೊಣೆಗಾರಿಕೆ ಇದೆ ಎಂದು ಊರಿಗೆ ತೋರಿಸುವ ಹೊಣೆಗಾರಿಕೆ ನನ್ನದು. ಬ್ಯಾನರು, ಹಸಿರು ಟೀ ಶರ್ಟು, ಫೋಟೊಗ್ರಾಫರು, ಎಲ್ಲ ಸಿದ್ಧ. ಬೆಳಿಗ್ಗೆ ಹೋಗಿ ನೋಡಿದರೆ ಸಮುದ್ರತೀರದಲ್ಲಿ ಒಂದು ಚೂರು ಕಸವಿಲ್ಲ! ಪಾಲಿಕೆಯ ಹೆಂಗಸರು ಬೇಗನೆ ಬಂದು ಗುಡಿಸಿ, ಚೀಲ ತುಂಬಿ, ಬೆವರು ಒರೆಸಿಕೊಳ್ಳುತ್ತ ಕೂತಿದ್ದರು.

"ಎಲ್ಲಾಂ ಎಡುತ್ತಾಚು ಸಾರ್!" ಎಲ್ಲ ಎತ್ತಿಯಾಯಿತಂತೆ!

ಕಸವಿಲ್ಲದೆ ಸ್ವಚ್ಛತೆಯ ಫೋಟೊ ಹೇಗೆ? ನಮ್ಮ ಎಂಡಿ ಬರುವ ಹೊತ್ತಾಗಿತ್ತು. ಒಂದೆರಡು ಚೀಲ ವಾಪಸ್ ಸುರಿದುಕೊಡಿ ತಾಯಿ ಎಂದು ನಾನು ಕೈಮುಗಿಯುತ್ತಿದ್ದೆ. ಅಷ್ಟರಲ್ಲಿ ಷಡ್ಡಕರು ಆ ಹೆಂಗಸರಿಗೆಂದು ಎಲ್ಲಿಂದಲೋ ಕ್ಯಾನಿನ ತುಂಬ ಕಾಫಿ ತಂದರು. ಎಂಡಿ ಕಾರಿನಿಂದ ಇಳಿದಾಗ ಅವರ ಕೈಗೂ ಲೋಟಗಳನ್ನು ಕೊಟ್ಟು, "ಸಾರ್, ನೀವು ಆ ಕಡೆ ಕೊಟ್ಬಿಡಿ" ಎಂದುಬಿಟ್ಟರು! ಎಂಡಿ ಮರಳಿನಲ್ಲಿ ಬಗ್ಗಿ ಕಾಫಿ ಕೊಟ್ಟ ಫೋಟೊ ಪತ್ರಿಕೆಯಲ್ಲಿ ಬಂತು. ಪಕ್ಕದಲ್ಲಿ ಷಡ್ಡಕರ ನಗುಮುಖ, ಅಂಚಿನಲ್ಲಿ ನನ್ನ ಅರ್ಧ ಕಿವಿ.

ಇಷ್ಟೆಲ್ಲ ಸಹಿಸಿದ್ದೆ. ಆದರೆ ಕಂಪನಿಯಲ್ಲಿ ಸಮಾಜಕಾರ್ಯಕ್ಕೆಂದೇ ಒಬ್ಬ ಮುಖ್ಯಸ್ಥ ಬೇಕೆಂದಾಯಿತು. ಆ ಕುರ್ಚಿ ನನ್ನದೇ ಎಂದು ನಾನು ಮನಸ್ಸಿನಲ್ಲಿ ಅದಕ್ಕೆ ಟವೆಲ್ಲೂ ಹೊದಿಸಿದ್ದೆ! ಎಂಡಿ ಇಬ್ಬರನ್ನೂ ಕರೆದು, ಏನು ಮಾಡುತ್ತೀರಿ ಎಂದು ಕೇಳಿದರು. ನಾನು ನಾಯಕತ್ವದ ಬಗ್ಗೆ ಬಣ್ಣಬಣ್ಣದ ಸ್ಲೈಡು ತೋರಿಸಿದೆ. ಷಡ್ಡಕರು ಎದ್ದು ನಿಂತು ತಲೆ ಕೆರೆದುಕೊಂಡರು.

"ನಮ್ಮ ಕ್ಯಾಂಟೀನ್ ಹೆಂಗಸರು ನಿಂತ್ಕೊಂಡೇ ಊಟ ಮಾಡ್ತಾರೆ ಸಾರ್. ಮೊದ್ಲು ಅವರಿಗೆ ಬೆಂಚು ಹಾಕ್ಸಿ, ಆಮೇಲೆ ಊರಿಗೆ ಹೋಗೋಣ."

ಕುರ್ಚಿ ಅವರ ಪಾಲಾಯಿತು. ಒಂದು ಬೆಂಚಿನಿಂದ!

ಅಂದು ಶುಕ್ರವಾರ. ಅಭಿನಂದನೆ ಹೇಳಲು ನಾಲಿಗೆ ಏಳಲಿಲ್ಲ. ಶನಿವಾರ ಸಂಜೆ ಹೆಂಡತಿ ಚುಚ್ಚಿದ ಮೇಲೆ ಫೋನಿನಲ್ಲಿ ಒಂದು ಹೂಗುಚ್ಛದ ಚಿತ್ರ ಕಳಿಸಿ ಕೈ ತೊಳೆದುಕೊಂಡೆ.

ಭಾನುವಾರ ಮಧ್ಯಾಹ್ನ ಬಾಗಿಲು ತೆಗೆದ ಮಗಳು ಕೂಗಿದಳು: "ಅಪ್ಪಾ, ಪೆರಿಯಪ್ಪಾ ವಂದಿರುಕ್ಕಾರ್!" ದೊಡ್ಡಪ್ಪ ಬಂದಿದ್ದಾರಂತೆ!

ಪೆರಂಬೂರಿನ ಅವರ ಮನೆಯಿಂದ ಬಸ್ಸು ಬದಲಿಸಿ, ಲಿಫ್ಟಿಲ್ಲದ ನಮ್ಮ ಮೂರನೆಯ ಮಹಡಿಗೆ ಉತ್ತರ ಬಂದು ನಿಂತಿತ್ತು.

"ನಿಮ್ಮ ಮೆಸೇಜ್ ಬಂತು ಕಣ್ರೀ. ಒಂದಿನ ತಡವಾಗಿ ಬಂತಲ್ಲ, ಬೇಜಾರಾಗಿದೀರಿ ಅನ್ನಿಸ್ತು. ನಾನಾಗಿದ್ರೆ ನಂಗೂ ಬೇಜಾರಾಗ್ತಿತ್ತು. ಮುಖ ನೋಡ್ಕೊಂಡು ಹೋಗೋಣ ಅಂತ ಬಂದೆ. ಸಾಪ್ಟಾಚಾ?"

"ಬೇಜಾರಾ? ಛೇ ಛೇ!" ಎಂದೆ. ದನಿ ನನ್ನ ಮಾತು ಕೇಳಲಿಲ್ಲ. ಅವರು ಇನ್ನೇನೂ ಕೆದಕದೆ, ನಮ್ಮೊಂದಿಗೆ ಹುಳಿಯನ್ನ ಮೊಸರನ್ನ ಉಂಡು ಹೊರಟರು.

ಬಾಗಿಲಲ್ಲಿ ನಿಂತು ನೋಡಿದೆ. ಎರಡೂ ಕೈಯಲ್ಲಿ ಪಕ್ಕದ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು, ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಂಡು ಇಳಿಯುತ್ತಿದ್ದರು.

"ಭಾವಂಗೆ ಮಂಡಿನೋವು ಎಷ್ಟೋ ವರ್ಷದಿಂದ ಇದೆ. ನಿಮಗೆ ಗೊತ್ತೇ ಇಲ್ವಾ?" ಎಂದಳು ಹೆಂಡತಿ.

ಇರಲಿಲ್ಲ. ಅವರು ನನ್ನ ಮೇಜಿನ ಮುಂದೆ ನಗುತ್ತ ನಿಂತದ್ದನ್ನಷ್ಟೇ ನೋಡಿದ್ದೆ. ಮೆಟ್ಟಿಲು ಹತ್ತುವುದನ್ನು ಎಂದೂ ನೋಡಿರಲಿಲ್ಲ.

ಸೋಮವಾರ ಅವರ ನೇಮಕದ ಮೇಲ್ ಎಲ್ಲರಿಗೂ ಬಂತು. ನಾನು ಒಳ್ಳೆಯ ಇಂಗ್ಲಿಷಿನಲ್ಲಿ ಅಭಿನಂದನೆ ಬರೆದೆ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟವನು ಒತ್ತದೆ ತಡೆದೆ. ಇದು ಹೋದರೆ ಆ ಮನುಷ್ಯ ನಾಲ್ಕು ಮಹಡಿ ಹತ್ತಿ ಬರುತ್ತಾರೆ!

ಬರೆದದ್ದನ್ನು ಅಳಿಸಿದೆ. ಎದ್ದು, ಲಿಫ್ಟನ್ನು ದಾಟಿ, ಮೆಟ್ಟಿಲಿಳಿಯತೊಡಗಿದೆ.