ಮೂವತ್ತು ಸಲ ಸ್ಟಾಕ್‌ಹೋಮ್ ಕಂಡವನು

ಮಾತು ಆಡಿದರೆ ಹೋಯಿತು ಅಂತಾರೆ. ಫಿನ್ಲೆಂಡಿನ ನಮ್ಮ ತುರ್ಕು ಪಟ್ಟಣದಲ್ಲಿ ಜನ ಆಡುವುದೇ ಕಮ್ಮಿ. ಇಂಥ ಊರಿನಲ್ಲಿ ಉರ್ಪೋ ಒಂದೇ ಒಂದು ಮಾತು ಹೆಚ್ಚಿಗೆ ಆಡಿದ, ಅದೇ ಅವನ ಕುತ್ತಿಗೆಗೆ ಬಂತು.

ಅವತ್ತು ನಾವಿರುವ ಕಟ್ಟಡದವರೆಲ್ಲ ಸೇರಿ ಅಂಗಳ ಗುಡಿಸುವ ದಿನ. ಗುಡಿಸಿದ್ದು ಅರ್ಧ ಗಂಟೆ, ಆಮೇಲೆ ಬೆಂಕಿಯ ಸುತ್ತ ಕೂತು ಸಾಸೇಜ್ ಸುಟ್ಟು ತಿಂದದ್ದು ಸಂಜೆಯವರೆಗೆ. ನಿವಾಸಿಗಳ ಸಂಘದ ಅಧ್ಯಕ್ಷೆ ಸೈಮಿ, ನಲವತ್ತು ವರ್ಷ ಶಾಲೆಯಲ್ಲಿ ಮಕ್ಕಳನ್ನು ಹೆದರಿಸಿ ಈಗ ಹೆದರಿಸಲು ನಮ್ಮನ್ನಷ್ಟೇ ಉಳಿಸಿಕೊಂಡವರು, ಎದ್ದು ನಿಂತರು.

"ಈ ಬೇಸಿಗೆಗೆ ಎಲ್ರೂ ಹಡಗಲ್ಲಿ ಸ್ಟಾಕ್‌ಹೋಮ್‌ಗೆ ಹೋಗಿ, ಅಲ್ಲಿಂದ ತಾಲ್ಲಿನ್ ನೋಡ್ಕೊಂಡು, ಹೆಲ್ಸಿಂಕಿ ಮೇಲೆ ವಾಪಸ್ ಬರೋಣ. ದಾರಿ ತೋರಿಸೋರು ಯಾರಾದ್ರೂ ಇದ್ದೀರಾ?"

ಉರ್ಪೋನ ಬಾಯಲ್ಲಿ ಸಾಸೇಜ್ ಇತ್ತು. ಅದನ್ನು ನುಂಗುವ ತನಕ ಕಾದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. "ಸ್ಟಾಕ್‌ಹೋಮಾ? ಮೂವತ್ತು ಸಲ ಹೋಗ್ ಬಂದಿದ್ದೀನಿ ಬಿಡಿ," ಎಂದುಬಿಟ್ಟ.

ಸುಳ್ಳಲ್ಲ, ಹೋಗಿ ಬಂದಿದ್ದ. ಆದರೆ ನಮ್ಮ ಕಡೆಯವರು ಹೋಗಿ ಬರುವ ಚೆಂದವೇ ಬೇರೆ. ಸಂಜೆ ತುರ್ಕುವಿನಲ್ಲಿ ಹಡಗು ಹತ್ತುವುದು, ಹೊಟ್ಟೆ ಬಿರಿಯುವಂತೆ ತಿನ್ನುವುದು, ಅಗ್ಗದ ಬಿಯರ್ ಕುಡಿಯುವುದು, ಸಾಲದ್ದಕ್ಕೆ ಒಂದು ಪೆಟ್ಟಿಗೆ ಕಟ್ಟಿಸಿಕೊಳ್ಳುವುದು. ಬೆಳಿಗ್ಗೆ ಹಡಗು ಸ್ಟಾಕ್‌ಹೋಮ್ ಮುಟ್ಟಿ ಹೊಸಬರನ್ನು ಹತ್ತಿಸಿಕೊಂಡು ತಿರುಗುವಾಗ ಇವರು ಗೊರಕೆ ಹೊಡೆಯುತ್ತಿರುತ್ತಾರೆ. ಹೋದ ಪುಟ್ಟ, ಬಂದ ಪುಟ್ಟ. ಮೂವತ್ತು ಸಲವೂ ಉರ್ಪೋ ಆ ಊರಿನ ನೆಲ ಮೆಟ್ಟಿರಲಿಲ್ಲ.

ಅಲ್ಲೇ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಸೈಮಿ ಗಾಳ ಹಾಕಿದರು. "ಹಾಗಿದ್ರೆ ನೀವೇ ಮಾರ್ಗದರ್ಶಿ. ಸುಮ್ನೆ ಬೇಡ. ಲೆಂಪಿಯವರು ಚಳಿಗಾಲದ ಹೊತ್ತಿಗೆ ಮಗಳ ಮನೆಗೇ ಹೋಗಿ ಇದ್ಬಿಡ್ತಾರಂತೆ. ಅವರ ಶುಕ್ರವಾರ ಏಳರ ಪಾಳಿ ನಿಮಗೇ."

ಬೆಂಕಿಯ ಸುತ್ತ ಕೂತವರೆಲ್ಲ ಉಸಿರು ಹಿಡಿದರು. ಕಟ್ಟಡಕ್ಕೆಲ್ಲ ಸೇರಿ ನೆಲಮಾಳಿಗೆಯಲ್ಲಿ ಹಬೆಸ್ನಾನಕ್ಕೆ ಒಂದೇ ಸೌನಾ, ವಾರಕ್ಕೆ ಮನೆಗೊಂದು ಗಂಟೆಯ ಪಾಳಿ. ಉರ್ಪೋನದು ಮಂಗಳವಾರ ನಾಲ್ಕಕ್ಕೆ. ಆಗ ಒಲೆಯ ಕಲ್ಲು ಸರಿಯಾಗಿ ಕಾದಿರುವುದಿಲ್ಲ, ಟೈಲ್ಸ್ ಅಂಗಡಿಯಲ್ಲಿ ಅವನ ಕೆಲಸವೂ ಮುಗಿದಿರುವುದಿಲ್ಲ. ಶುಕ್ರವಾರ ಏಳು ಎಂದರೆ ವಾರದ ದುಡಿಮೆ ಮುಗಿದಿರುತ್ತದೆ, ಕಲ್ಲು ನಿಗಿನಿಗಿ ಕಾದಿರುತ್ತದೆ, ಒಂದು ಸೌಟು ನೀರು ಹೊಯ್ದರೆ ಎದ್ದ ಹಬೆ ಬೆನ್ನಿನ ಏಳು ಜನ್ಮದ ನೋವು ಕೀಳುತ್ತದೆ. ಅದು ಸಿಕ್ಕವರು ಸಾಯುವ ತನಕ ಬಿಡುವುದಿಲ್ಲ. ಲೆಂಪಿ ಅಜ್ಜಿಯ ಮಗಳು ಎಲ್ಲಿರುವುದು ಎಂದು ಯಾರೂ ಕೇಳಲಿಲ್ಲ. ಅಂಥದ್ದನ್ನು ಕೇಳುವುದು ನಮ್ಮಲ್ಲಿ ಅಧಿಕಪ್ರಸಂಗ.

ಜುಲೈ ತಿಂಗಳ ಒಂದು ಸಂಜೆ ಲೆಂಪಿ ಅಜ್ಜಿಯೂ ಸೇರಿ ಹನ್ನೊಂದು ಮಂದಿ ಹಡಗು ಹತ್ತಿದರು. ಬೆಳಗಾಗುವ ಹೊತ್ತಿಗೆ ಉರ್ಪೋನ ಧೈರ್ಯ ಕರಗಿತ್ತು. ಸೊಂಟ ಹಿಡಿದುಕೊಂಡು ಸೈಮಿಯವರ ಕೋಣೆಯ ಬಾಗಿಲು ತಟ್ಟಿದ. "ಬೆನ್ನು ಹಿಡ್ಕೊಂಡ್ಬಿಟ್ಟಿದೆ ಸೈಮಿಯವ್ರೇ. ಏಳೋಕೇ ಆಗ್ತಿಲ್ಲ."

"ಅಯ್ಯೋ ಪಾಪ! ಮಲಗಿ, ಮಲಗಿ. ತೈಸ್ತೋ ಕರ್ಕೊಂಡು ಹೋಗ್ತಾರೆ, ನಿನ್ನೆನೇ ಕೇಳ್ತಿದ್ರು. ಶುಕ್ರವಾರದ ಪಾಳೀನೂ ಅವರಿಗೇ ಕೊಟ್ರಾಯ್ತು."

ಉರ್ಪೋನ ಬೆನ್ನು ಅಲ್ಲೇ, ಆ ಕ್ಷಣವೇ ನೆಟ್ಟಗಾಯಿತು.

ತೈಸ್ತೋ ನಿವೃತ್ತ ಬಸ್ ಚಾಲಕ, ಉರ್ಪೋನ ಪಕ್ಕದ ಮನೆಯವನು. ಇನ್ನೊಬ್ಬರ ಕಾಲು ಜಾರುವುದನ್ನು ಕಾಯುವುದೇ ಅವನ ವಿಶ್ರಾಂತ ಜೀವನದ ಉದ್ಯೋಗ. "ನಡಿ ಗುರುವೇ, ಇಳಿಯೋ ದಾರಿ ತೋರ್ಸು," ಎಂದ ಅವನು.

ಉರ್ಪೋ ತೋರಿಸಿದ. ಮೂವತ್ತು ಸಲದ ಅಭ್ಯಾಸ ನೋಡಿ, ಕಾಲು ತಾನಾಗಿಯೇ ಮೆಟ್ಟಿಲು ಹತ್ತಿ, ಬಲಕ್ಕೆ ತಿರುಗಿ, ಎಲ್ಲರನ್ನೂ ಭೋಜನಶಾಲೆಯ ಬಾಗಿಲಿಗೆ ತಂದು ನಿಲ್ಲಿಸಿತು.

"ಇದೇನಯ್ಯಾ, ಸ್ಟಾಕ್‌ಹೋಮ್ ಇಲ್ಲಿಂದ ಶುರುವಾಗುತ್ತಾ?" ಎಂದ ತೈಸ್ತೋ.

"ಖಾಲಿ ಹೊಟ್ಟೇಲಿ ಯಾರೂ ಇಳೀಬಾರ್ದು ಅಂತ ಕರ್ಕೊಂಡ್ ಬಂದೆ," ಎಂದ ಉರ್ಪೋ. ಸೈಮಿ ಮೆಚ್ಚಿ ತಲೆದೂಗಿದರು. ತಿಂಡಿಯಾದ ಮೇಲೆ ಅವನು ಸೂಟ್‌ಕೇಸ್ ಎಳೆದುಕೊಂಡು ಹೋಗುತ್ತಿದ್ದವರ ಬೆನ್ನು ಹಿಡಿದು, ಹೇಗೋ ಎಲ್ಲರನ್ನೂ ನೆಲಕ್ಕೆ ಇಳಿಸಿದ.

ಊರು ಎದುರಿಗೆ ಬಿದ್ದುಕೊಂಡಿತ್ತು, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಉರ್ಪೋ ಮೆಲ್ಲಗೆ ಜೇಬಿನಿಂದ ಫೋನ್ ತೆಗೆದ.

"ಅಲ್ಲಾ, ಮೂವತ್ತು ಸಲ ಬಂದೋನಿಗೆ ಫೋನಲ್ಲಿ ದಾರಿ ನೋಡ್ಬೇಕಾ?" ಎಂದ ತೈಸ್ತೋ.

"ಗಂಟೆ ನೋಡ್ದೆ," ಎಂದು ಉರ್ಪೋ ಫೋನ್ ಒಳಗೆ ಹಾಕಿದ. ಅಲ್ಲಿಗೆ ಅವನ ಕೊನೆಯ ಆಸರೆಯೂ ಹೋಯಿತು.

ದಾರಿಹೋಕರನ್ನು ಕೇಳಬಹುದಿತ್ತಲ್ಲ ಎನ್ನುತ್ತೀರಿ. ನಮ್ಮ ಜನ ಬೇಕಾದರೆ ಕಾಡಿನಲ್ಲಿ ಕಳೆದುಹೋಗಿ ಹಸಿವಿನಿಂದ ಸತ್ತಾರು, ಅಪರಿಚಿತರ ಜೊತೆ ಬಾಯಿ ಬಿಟ್ಟು ಅವರಿಗೆ ತೊಂದರೆ ಕೊಡಲಾರರು. ಉರ್ಪೋ ಮೂಗಿನ ನೇರಕ್ಕೆ ನಡೆದ. ಒಂದು ಸೇತುವೆ ದಾಟಿದರು. ಏರು ಹತ್ತಿದರು, ಇಳಿದರು, ಮತ್ತೆ ಅದೇ ಸೇತುವೆಯನ್ನು ದಾಟಿದರು. ಕೊನೆಗೆ ಉದ್ದನೆಯ ಹಳೆಯ ಕಟ್ಟಡವೊಂದು ಕಂಡಿತು. ಉರ್ಪೋ ಕೈ ಚಾಚಿ, "ಇದೇ ಅರಮನೆ!" ಎಂದ.

ಎಲ್ಲರೂ ಫೋಟೋ ತೆಗೆದರು. ಆಗ ಒಳಗಿನಿಂದ ಕಾಲಿಗೆ ಪಟ್ಟಿ ಕಟ್ಟಿಕೊಂಡವನೊಬ್ಬ ಕುಂಟುತ್ತ ಬಂದ. ಹಿಂದೆಯೇ ಕೈ ಮುರಿದವಳೊಬ್ಬಳು. ಆಮೇಲೆ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕ.

"ರಾಜರ ಮನೇಲಿ ಭಾರಿ ಜಗಳ ಆಗಿರೋ ಹಾಗಿದೆ," ಎಂದ ತೈಸ್ತೋ.

"ಮೊದ್ಲು ಅರಮನೆ, ಈಗ ಆಸ್ಪತ್ರೆ," ಎಂದ ಉರ್ಪೋ, ಬೆವರು ಒರೆಸಿಕೊಳ್ಳುತ್ತ. ಲೆಂಪಿ ಅಜ್ಜಿ ಮಾತ್ರ ಕಟ್ಟಡವನ್ನು ಬಹಳ ಹೊತ್ತು ನೋಡಿ, "ಒಳ್ಳೇದು ತೋರ್ಸಿದೆ ಕಣಪ್ಪಾ," ಎಂದರು. ಎಂಬತ್ತರ ಆ ಮುದುಕಿಯ ಮನಸ್ಸು ಎಷ್ಟು ಮೆದು ಎಂದುಕೊಂಡ ಉರ್ಪೋ. ಶುಕ್ರವಾರದ ಬಿಸಿ ಕಲ್ಲು ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ದೇವರೇ ಕಳಿಸಿದಂತೆ ಒಂದು ಗುಂಪು ಕಂಡಿತು. ತಿಳಿಬಣ್ಣದ ಬಟ್ಟೆ ತೊಟ್ಟ ಇಪ್ಪತ್ತು ಮಂದಿ, ಮುಂದೆ ಬಿಳಿ ಹೂಗುಚ್ಛವನ್ನು ತಲೆಯ ಮೇಲೆ ಎತ್ತಿ ಹಿಡಿದ ಹೆಂಗಸು. ಪ್ರವಾಸಿಗಳಲ್ಲದೆ ಇನ್ನಾರು? ಗುರುತಿಗೆ ಕೆಲವರು ಬಾವುಟ ಹಿಡಿದರೆ ಕೆಲವರು ಹೂವು ಹಿಡಿಯುತ್ತಾರೆ. "ಈಗ ಊರಿನ ಅತಿ ಸುಂದರವಾದ ಜಾಗಕ್ಕೆ," ಎಂದು ಘೋಷಿಸಿ ಉರ್ಪೋ ಅವರ ಹಿಂದೆ ಹೊರಟ. ಅವರು ಸುರಂಗ ರೈಲು ಹತ್ತಿದರು, ಇವರೂ ಹತ್ತಿದರು. ಅವರು ಇಳಿದಲ್ಲಿ ಇಳಿದರು. ಎತ್ತರದ ಪೈನ್ ಮರಗಳ ನಡುವೆ ನಡೆದು ಒಂದು ಪ್ರಾರ್ಥನಾಮಂದಿರದ ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತರು. ಕೂತ ಮೇಲೆ ಎದುರಿಗಿದ್ದ ಶವಪೆಟ್ಟಿಗೆ ಕಂಡಿತು. ಕಪ್ಪು ಬಟ್ಟೆ ಬೇಡ ಎಂಬುದು ಸತ್ತವರ ಕೊನೆಯ ಆಸೆಯಾಗಿತ್ತೆಂದು ಉರ್ಪೋನಿಗೆ ಯಾರು ಹೇಳಬೇಕು?

ನಡುವೆ ಎದ್ದು ಹೋದರೆ ಎಲ್ಲರೂ ತಿರುಗಿ ನೋಡುತ್ತಾರೆ. ಅದಕ್ಕಿಂತ ಸಾಯುವುದು ಮೇಲು. ಹನ್ನೊಂದು ಮಂದಿಯೂ ಮರದ ಬೊಂಬೆಗಳ ಹಾಗೆ ಕೂತರು. ತೈಸ್ತೋ ಉರ್ಪೋನ ಕಿವಿಗೆ ಬಾಯಿಟ್ಟ. "ಆ ಪೆಟ್ಟಿಗೇಲಿರೋದು ಯಾರು, ನಿನ್ ಪರಿಚಯದೋರಾ?"

"ಮೂವತ್ತು ಸಲ ಬಂದ್ಮೇಲೆ ನಾಲ್ಕು ಜನ ಪರಿಚಯ ಆಗೋಲ್ವಾ?" ಎಂದ ಉರ್ಪೋ ಹಲ್ಲು ಕಚ್ಚಿ.

ಮಾತು ಸಾಲಿನುದ್ದಕ್ಕೂ ಹರಿಯಿತು. ಸೈಮಿ ಪಕ್ಕಕ್ಕೆ ಬಾಗಿ ಅವನ ಭುಜ ತಟ್ಟಿದರು. ಲೆಂಪಿ ಅಜ್ಜಿ ಕರವಸ್ತ್ರ ಚಾಚಿದರು. ಇಸಕೊಂಡ ಮೇಲೆ ಕಣ್ಣು ಒರೆಸಲೇಬೇಕಾಯಿತು. ಹಾಡು ಶುರುವಾದಾಗ ರಾಗ ಗೊತ್ತಿದ್ದದ್ದೇ, ಅವರು ಸ್ವೀಡಿಷ್‌ನಲ್ಲಿ ಹಾಡಿದರೆ ಇವರು ಫಿನ್ನಿಷ್‌ನಲ್ಲಿ ಹಾಡಿದರು. ಮುಗಿದ ಮೇಲೆ ಸತ್ತವರ ಮಗ ಬಂದು, ಅಪ್ಪನ ಹಳೆಯ ಕಾರ್ಖಾನೆಯ ಫಿನ್ಲೆಂಡ್ ಗೆಳೆಯರು ಇಷ್ಟು ದೂರ ಬಂದರಲ್ಲ ಎಂದು ಒಬ್ಬೊಬ್ಬರ ಕೈಯನ್ನೂ ಹಿಡಿದು ಅತ್ತುಬಿಟ್ಟ. ಆಮೇಲೆ ಕಾಫಿ. ಕಾಫಿಯ ಜೊತೆ ಸಿಗಡಿ, ಮೊಟ್ಟೆ ಹೇರಿದ ಎತ್ತರದ ಬ್ರೆಡ್ ಕೇಕ್. ತೈಸ್ತೋ ಮೂರು ಸಲ ಹಾಕಿಸಿಕೊಂಡ, ಅಷ್ಟು ಹೊತ್ತು ಒಂದೂ ಪ್ರಶ್ನೆ ಕೇಳಲಿಲ್ಲ.

ತಾಲ್ಲಿನ್ ಹಡಗಿಗೆ ಓಡಿ ಬಂದು ಹತ್ತುವಾಗ ಎಲ್ಲರ ಅಂಗಿಯೂ ಬೆನ್ನಿಗಂಟಿತ್ತು. ಆದರೂ ರಾತ್ರಿಯೂಟಕ್ಕೆ ಕೂತಾಗ ಸೈಮಿ ಚಮಚದಿಂದ ಗ್ಲಾಸು ತಟ್ಟಿದರು. "ಸ್ವಂತ ದುಃಖ ನುಂಗ್ಕೊಂಡು ನಮಗೆ ಊರು ತೋರ್ಸಿದ್ರು. ಉರ್ಪೋ ಅವರಿಗೆ ಚಪ್ಪಾಳೆ! ಇನ್ನು ಶುಕ್ರವಾರದ ಪಾಳಿ..."

"ಒಂದು ನಿಮಿಷ ಕಣಮ್ಮ," ಎಂದು ಲೆಂಪಿ ಅಜ್ಜಿ ಎದ್ದರು. "ನನ್ ಮಗಳಿರೋದು ಇದೇ ಸ್ಟಾಕ್‌ಹೋಮಲ್ಲಿ. ಬಾ ಬಾ ಅಂತಾಳೆ, ಊರು ಸ್ವರ್ಗ ಅಂತಾಳೆ. ನನಗೆ ಅನುಮಾನ. ಅವಳಿಗೆ ಗೊತ್ತಾಗದ ಹಾಗೆ ಒಂದ್ಸಲ ನೋಡ್ಕೊಂಡ್ ಹೋಗೋಣ ಅಂತ ಬಂದೆ. ಅಂಗಡಿ, ಅರಮನೆ ಯಾರ್ ಬೇಕಾದ್ರೂ ತೋರಿಸ್ತಾರೆ. ಈ ಹುಡುಗ ಮುದುಕಿಗೆ ಆ ಊರಲ್ಲಿ ಏನಿದೆ ಅನ್ನೋದನ್ನೇ ತೋರ್ಸಿದ. ಮೊದ್ಲು ಆಸ್ಪತ್ರೆ, ಆಮೇಲೆ ಸ್ಮಶಾನ! ನಾನು ಹೋಗೋಲ್ಲ. ತುರ್ಕುನಲ್ಲೇ ಇರ್ತೀನಿ. ಶುಕ್ರವಾರ ಏಳಕ್ಕೆ ಸೌನಾ ನಂದೇ."

ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನು ಮಾನ ನೋಡಿದರೆ ಆಗುವುದಿಲ್ಲ ಎಂದು ಉರ್ಪೋ ಎದ್ದೇ ನಿಂತ. "ಅಜ್ಜೀ, ನನ್ ಮಾತು ಕೇಳಿ! ನನಗೆ ಆ ಊರು ಗೊತ್ತೇ ಇಲ್ಲ. ಮೂವತ್ತು ಸಲಾನೂ ಹಡಗಿಂದ ಇಳಿದೇ ಇಲ್ಲ. ಸತ್ತೋರು ಯಾರೋ ನನಗೆ ಗೊತ್ತಿಲ್ಲ. ಊರು ಚೆನ್ನಾಗಿದೆಯಂತೆ, ದಯವಿಟ್ಟು ಹೋಗಿ!"

ಹಡಗಿಂದ ಇಳಿಯದೆ ವಾಪಸಾಗುವುದು ಏನೆಂದು ಅಲ್ಲಿ ಕೂತವರಿಗೆಲ್ಲ ಚೆನ್ನಾಗಿ ಗೊತ್ತಿತ್ತು. ಆದರೆ ಹೌದು, ಹೀಗೂ ಉಂಟು ಎನ್ನಲು ತಾವೂ ಹಾಗೇ ಹೋಗಿ ಬಂದವರೆಂದು ಒಪ್ಪಿಕೊಳ್ಳಬೇಕಲ್ಲ. ಸೈಮಿ ಮೇಜುಬಟ್ಟೆಯ ಸುಕ್ಕು ತಿದ್ದಿದರು. ತೈಸ್ತೋ ಆಲೂಗಡ್ಡೆಯ ಸಿಪ್ಪೆ ಸುಲಿಯತೊಡಗಿದ.

"ನೋಡಿದ್ರಾ," ಎಂದರು ಲೆಂಪಿ ಅಜ್ಜಿ. "ತಾಯಿ ಮಗಳನ್ನ ದೂರ ಮಾಡ್ದೆ ಅಂತ ಮನಸ್ಸಿಗೆ ಹಚ್ಕೊಂಡು ಸುಳ್ಳು ಹೇಳ್ತಿದ್ದಾನೆ. ಎಂಥಾ ಒಳ್ಳೇ ಮನುಷ್ಯ!"

ಉರ್ಪೋ ಕುಸಿದು ಕೂತ. ಹೋಗಲಿ, ಮಂಗಳವಾರ ನಾಲ್ಕಕ್ಕೆ ಇದ್ದೇ ಇದೆಯಲ್ಲ, ಉಗುರು ಬೆಚ್ಚಗಿನ ಕಲ್ಲಾದರೂ ಕಲ್ಲೇ ಎಂದು ಸಮಾಧಾನ ತಂದುಕೊಳ್ಳುವಷ್ಟರಲ್ಲಿ ಸೈಮಿ ಕೆಮ್ಮಿದರು.

"ಉರ್ಪೋ ಅವ್ರೇ, ಒಂದು ತೊಡಕಾಗಿದೆ. ನಿಮಗೆ ಶುಕ್ರವಾರ ಸಿಕ್ಕೇ ಸಿಗುತ್ತೆ ಅಂತ ನಿಮ್ಮ ಮಂಗಳವಾರಾನ ತೈಸ್ತೋಗೆ ಕೊಟ್ಬಿಟ್ಟೆ. ಮಂಡಿ ನೋವು, ಎರಡು ಪಾಳಿ ಬೇಕು ಅಂತಿದ್ರು. ಸಂಘದಲ್ಲಿ ಪಾಸಾಗಿದ್ದು, ಈಗ ಹಿಂದಕ್ಕೆ ತಗೊಳ್ಳೋಕಾಗಲ್ಲ."

ಇದ್ದದ್ದೂ ಹೋಯಿತು ಮದ್ದಿನ ಗುಣದಿಂದ. ತೈಸ್ತೋ ಸುಲಿದ ಆಲೂಗಡ್ಡೆಯನ್ನು ಬಾಯಿಗೆ ಹಾಕಿಕೊಂಡು ಸ್ನೇಹದಿಂದ ಬಾಗಿದ.

"ಬೇಜಾರ್ ಮಾಡ್ಕೋಬೇಡ ಗುರುವೇ. ನಾಳೆ ಬೆಳಿಗ್ಗೆ ತಾಲ್ಲಿನ್. ಅಲ್ಲಿಗೆ ಎಷ್ಟು ಸಲ ಹೋಗಿದೀಯಾ?"